ಜರ್ಮನಿ: ಭಾರತದ ಡಿಎಲ್ ಬದಲಿಸೋ ಅರ್ಜಿ ವಾಪಸ್ ಬಂತು, ಮೊದಲಿಂದ ಕಲೀಬೇಕಂತೆ

ಕಾವೇರಿತೀರ:
ಎರಡು ತಿಂಗಳು ಓಡಾಡಿ ಸಾಕಾಗಿದೆ. ಕಣ್ಣಿನ ಟೆಸ್ಟ್, ಫಸ್ಟ್ ಏಡ್ ಕೋರ್ಸ್, ಫೋಟೋ, ಡಿಎಲ್ ಅನುವಾದ ಎಲ್ಲಾ ಕೊಟ್ಟಿದ್ದೆ. ಈಗ ಲೈಸೆನ್ಸ್ ಕಚೇರಿಯಿಂದ ಪತ್ರ ಬಂದಿದೆ, ನಿಮ್ಮ ಡಿಎಲ್ ಇಲ್ಲಿ ಪರಿಗಣಿಸೋಕೆ ಬರಲ್ಲ, ಹೊಸಬರ ಹಾಗೆ ಪೂರ್ತಿ ತರಬೇತಿ ತಗೊಳ್ಳಿ ಅಂತ. ಹನ್ನೊಂದು ವರ್ಷದಿಂದ ಕಾರು ಓಡಿಸ್ತಿರೋನು ನಾನು. 90 ನಿಮಿಷದ 14 ಥಿಯರಿ ಕ್ಲಾಸು, ಮೇಲೆ 12 ಕಡ್ಡಾಯ ಡ್ರೈವ್! ಎಷ್ಟು ದುಡ್ಡು ಹೋಗುತ್ತೆ ಲೆಕ್ಕ ಹಾಕಿ. ಯಾರಿಗಾದ್ರೂ ಹೀಗಾಗಿದ್ಯಾ?

ರೈನ್‌ದಡ:
ಅನುವಾದದ್ದೇ ತೊಂದರೆ. ಯಾರ ಹತ್ರ ಮಾಡಿಸಿದ್ರಿ? ಎಡಿಎಸಿಯಲ್ಲಿ (ಇಲ್ಲಿನ ವಾಹನ ಸವಾರರ ಸಂಘ) ಅಥವಾ ಪ್ರಮಾಣಿತ ಅನುವಾದಕರ ಹತ್ರ ಮಾಡಿಸಿದ್ರೆ ಮಾತ್ರ ಒಪ್ತಾರೆ.

ಕಾವೇರಿತೀರ:
ಪ್ರಮಾಣಿತ ಅನುವಾದಕರೇ, ಸೀಲೂ ಇದೆ.

ನಾಲ್ಕನೇಗೇರ್:
ಬಂದು ಆರು ತಿಂಗಳು ಮೀರಿತಾ? ಅದಾದ್ಮೇಲೆ ಡಿಎಲ್ ನಡೆಯಲ್ಲ.

ಮಂಜಿನಹಾದಿ:
ಎರಡನ್ನೂ ಒಂದು ಮಾಡ್ಬೇಡಿ ಸರ್. ಆರು ತಿಂಗಳು ಅನ್ನೋದು ಓಡಿಸೋಕೆ ಮಾತ್ರ. ಅದು ಕಳೆದ ಮೇಲೂ ಥಿಯರಿ, ಪ್ರಾಕ್ಟಿಕಲ್ ಎರಡೂ ಪಾಸಾಗಿ ಬದಲಿಸ್ಕೋಬಹುದು, ಕಡ್ಡಾಯ ಕ್ಲಾಸು ಇಲ್ಲ. ಐಡಿಪಿ, ಅಂದ್ರೆ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್, ಇದ್ರೂ ಆ ಗಡುವು ಒಂದು ದಿನ ಮುಂದೆ ಹೋಗಲ್ಲ, ಅದು ಬರೀ ಅನುವಾದ ಇದ್ದ ಹಾಗೆ. ಗಡುವು ಮುಗಿದ ಮೇಲೆ ಸ್ಟೀರಿಂಗ್ ಮುಟ್ಟಿದ್ರೆ ಕ್ರಿಮಿನಲ್ ಕೇಸು. ಅಪಘಾತ ಆದ್ರೆ ವಿಮೆಯವರು 5000 ಯೂರೋವರೆಗೆ ನಿಮ್ಮಿಂದಲೇ ವಸೂಲಿ ಮಾಡಬಹುದು. ದಯವಿಟ್ಟು ಯಾರೂ ಆ ಸಾಹಸಕ್ಕೆ ಹೋಗ್ಬೇಡಿ.

ರೈನ್‌ದಡ:
ನಾನು ಈಗಲೂ ಅನುವಾದ ಅಂತಲೇ ಹೇಳ್ತೀನಿ. ನನ್ನ ಗೆಳೆಯನದ್ದು ಹೆಸರಿನ ಇನಿಶಿಯಲ್ ತಪ್ಪಾಗಿ ವಾಪಸ್ ಬಂದಿತ್ತು.

ನಾಲ್ಕನೇಗೇರ್:
ಹೇಗೂ ಪ್ರಾಕ್ಟಿಕಲ್ ಕೊಡಲೇಬೇಕು ತಾನೇ, ಮ್ಯಾನುವಲ್‌ನಲ್ಲೇ ಕೊಡಿ. ಆಟೋಮ್ಯಾಟಿಕ್‌ನಲ್ಲಿ ಪಾಸಾದ್ರೆ ಕಾರ್ಡಲ್ಲಿ 78 ಅಂತ ಹಾಕ್ತಾರೆ, ಆಮೇಲೆ ಗೇರ್ ಗಾಡಿ ಮುಟ್ಟೋ ಹಾಗಿಲ್ಲ. ನನ್ನದು ಆರು ಗೇರಿನ ಡೀಸೆಲ್ ವ್ಯಾಗನ್, ಆಟೋಬಾನ್‌ನಲ್ಲಿ 180ರಲ್ಲೂ ಅಲುಗಾಡಲ್ಲ.

ಸಣ್ಣಗಾಲಿ:
ಅದು ಹಳೇ ಕಥೆ. 2021ರ ಏಪ್ರಿಲ್‌ನಿಂದ ಬಿ197 ಅನ್ನೋ ಕಾರ್ ಲೈಸೆನ್ಸ್ ಕೋಡ್ ಇದೆ. ಮ್ಯಾನುವಲ್‌ನಲ್ಲಿ ಕನಿಷ್ಠ 10 ಪಾಠ ಮಾಡಿ, ಡ್ರೈವಿಂಗ್ ಸ್ಕೂಲಿನವರೇ 15 ನಿಮಿಷ ಪರೀಕ್ಷಿಸಿ ಬರೆದುಕೊಟ್ರೆ, ಆಟೋಮ್ಯಾಟಿಕ್‌ನಲ್ಲಿ ಪಾಸಾದವರೂ ಎರಡನ್ನೂ ಓಡಿಸಬಹುದು.

ನಾಲ್ಕನೇಗೇರ್:
ಹತ್ತು ಪಾಠದ ದುಡ್ಡು ಯಾರು ಕೊಡ್ತಾರೆ? ಕ್ಲಚ್ ಬರೋರಿಗೆ ಅದು ದಂಡ.

ಮಂಜಿನಹಾದಿ:
ಗೇರಿನ ಜಗಳ ಆಮೇಲೆ ಆಡೋಣ. ಕಾವೇರಿತೀರ ಅವರೇ, ಕಾರ್ಡ್ ಮೇಲೆ ವಿತರಣೆ ದಿನಾಂಕ ಯಾವುದಿದೆ? ನೀವು ಇಲ್ಲಿ ವಿಳಾಸ ನೋಂದಾಯಿಸಿದ್ದು ಯಾವಾಗ?

ಕಾವೇರಿತೀರ:
ನೋಂದಾಯಿಸಿದ್ದು 2023ರ ಮಾರ್ಚ್. ಕಾರ್ಡ್ ಮೇಲೆ 2024ರ ಜನವರಿ ಇದೆ. ರಜೆಗೆ ಊರಿಗೆ ಹೋದಾಗ ಹಳೇದು ಸವೆದಿತ್ತು ಅಂತ ಹೊಸ ಕಾರ್ಡ್ ಮಾಡಿಸ್ದೆ. ಅದರಲ್ಲೇನಿದೆ?

ಮಂಜಿನಹಾದಿ:
ಇದನ್ನ ಮೊದಲೇ ಹೇಳ್ಬೇಕಿತ್ತು! ಇಲ್ಲಿ ನೆಲೆಸಿದ ಮೇಲೆ ರಜೆಯಲ್ಲಿ ಹೋಗಿ ಡಿಎಲ್ ತಗೊಂಡು ಬಂದ್ರೆ ಅದು ಇಲ್ಲಿ ಲೆಕ್ಕಕ್ಕಿಲ್ಲ. ನಿಮ್ಮದು ಬರೀ ನಕಲು ಕಾರ್ಡ್, ಆದ್ರೆ 2024 ಅಂತ ಇರೋದು ನೋಡಿ ಆಗ ಹೊಸದಾಗಿ ಪಾಸಾದವರು ಅಂದ್ಕೊಂಡಿದ್ದಾರೆ. ಊರಿನ ಆರ್‌ಟಿಒದಿಂದ ಡಿಎಲ್ ಎಕ್ಸ್‌ಟ್ರಾಕ್ಟ್ (ನಿಮ್ಮ ಡಿಎಲ್ ದಾಖಲೆಯ ಪ್ರತಿ) ತರಿಸಿ. ಮೊದಲು ಕೊಟ್ಟ ದಿನಾಂಕ ಅದರಲ್ಲಿರುತ್ತೆ. ಅದನ್ನೂ ಅನುವಾದ ಮಾಡಿಸಿ. ಹಳೇ ಕಾರ್ಡಿನ ಫೋಟೋ ಇದ್ರೆ ಜೊತೆಗಿಡಿ. ಪತ್ರದ ಕೊನೆಯಲ್ಲಿ ಉತ್ತರಕ್ಕೆ ಗಡುವು ಕೊಟ್ಟಿದ್ದಾರಾ ನೋಡಿ, ಅಷ್ಟರೊಳಗೆ ಬರೆದು ಸಮಯ ಕೇಳಿ.

ರೈನ್‌ದಡ:
ಅನುವಾದದಲ್ಲಿ ಮೊದಲ ವಿತರಣೆ ದಿನಾಂಕ ಬರೆದಿದ್ರೆ ಈ ಗೋಳೇ ಇರ್ತಿರಲಿಲ್ಲ ಅಲ್ವಾ?

ಕಾವೇರಿತೀರ:
ಗಡುವು ಇದೆ, ಇನ್ನು ಒಂಬತ್ತು ದಿನ. ಈಗಲೇ ಸಮಯ ಕೇಳಿ ಬರೆದೆ. ತಮ್ಮ ನಾಳೆ ಬೆಳಿಗ್ಗೆ ಆರ್‌ಟಿಒಗೆ ಹೋಗ್ತಾನೆ. ಮಂಜಿನಹಾದಿ ಅವರೇ, ಎಕ್ಸ್‌ಟ್ರಾಕ್ಟ್ ಸ್ಕ್ಯಾನ್ ಸಾಕಾ, ಮೂಲಪ್ರತಿಯೇ ಕೊರಿಯರ್ ಮಾಡಿಸಬೇಕಾ?

ಸಣ್ಣಗಾಲಿ:
ನಾಲ್ಕನೇಗೇರ್ ಅವರೇ, ಬಿ197 ಪಾಠದ ಲೆಕ್ಕ ಬೇರೆ ಎಳೆಯಲ್ಲಿ ಹಾಕ್ತೀನಿ, ಅಲ್ಲಿಗೆ ಬನ್ನಿ.