ಲೂವ್ರ್, ವರ್ಸೇಲ್ಸ್, ಶೋನ್‌ಬ್ರುನ್: ಮಕ್ಕಳು, ಅತ್ತೆ ಜೊತೆ ಹೋಗ್ತಿದ್ದೇವೆ, ಹೋಗಿ ಬಂದವರು ಹೇಳಿ

ಜೂನ್‌ಗೆ ಹೊರಟವಳು:
ಎಲ್ಲರಿಗೂ ನಮಸ್ಕಾರ. ಜೂನ್‌ನಲ್ಲಿ ಒಂಬತ್ತು ದಿನದ ಪ್ರವಾಸ. ಪ್ಯಾರಿಸ್ ಐದು ದಿನ, ವಿಯೆನ್ನಾ ನಾಲ್ಕು ದಿನ. ನಾವಿಬ್ಬರು, ಮಗಳು 13, ಮಗ 7, ಜೊತೆಗೆ ನಮ್ಮ ಅತ್ತೆ. ಅವರಿಗೆ 68, ಮಂಡಿ ನೋವು, ಮೆಟ್ಟಿಲು ಹತ್ತೋದು ಕಷ್ಟ. ಲೂವ್ರ್ ಮ್ಯೂಸಿಯಂ, ವರ್ಸೇಲ್ಸ್ ಅರಮನೆ ಎರಡೂ ಬೇಕಾ, ಒಂದು ಸಾಕಾ? ವಿಯೆನ್ನಾದ ಶೋನ್‌ಬ್ರುನ್ ಅರಮನೆಗೆ ಎಷ್ಟು ಹೊತ್ತು ಇಟ್ಟುಕೊಳ್ಳಬೇಕು? ಗೈಡ್ ಬೇಕಾ? ನಿಮ್ಮ ಅನುಭವ ಹೇಳಿ.

ಬಿಸಿಲಲ್ಲಿ ಬೆಂದವನು:
ಎರಡೂ ಬೇಡ. ನಮ್ಮ ಕಥೆ ಕೇಳಿ, ಆಮೇಲೆ ನಿಮ್ಮಿಷ್ಟ.

2019ರ ಜುಲೈ. ನಾನು, ಹೆಂಡತಿ, ಒಂಬತ್ತು ವರ್ಷದ ಮಗ. 23ಕ್ಕೆ ಬೆಳಗ್ಗೆ ಎದ್ದು ಸ್ನಾನ ಮಾಡಿ ಲೂವ್ರ್ ಮುಂದೆ ನಿಂತೆವು. ಮಂಗಳವಾರ. ಮಂಗಳವಾರ ರಜೆ ಅಂತ ಗೊತ್ತಿರಲಿಲ್ಲ. ಮರುದಿನ ಮತ್ತೆ ಹೋದೆವು. ದೊಡ್ಡವರ ಟಿಕೆಟ್ ಆಗ ಆನ್‌ಲೈನ್‌ನಲ್ಲಿ 17 ಯೂರೋ, ಇಬ್ಬರಿಗೆ 34. ಮಗನಿಗೆ ಫ್ರೀ. ಆಡಿಯೋ ಗೈಡ್ ತಲೆಗೆ 5 ಯೂರೋ, ಮೂರು ತಗೊಂಡೆವು, 15. ಆಗ ಅಲ್ಲಿ ಆಡಿಯೋ ಗೈಡ್ ಅಂದರೆ ನಿಂಟೆಂಡೋ ಆಟದ ಡಬ್ಬಿ. ಒಂಬತ್ತು ವರ್ಷದ ಹುಡುಗನ ಕೈಗೆ ನಿಂಟೆಂಡೋ ಕೊಟ್ಟರೆ ಏನಾಗುತ್ತೆ? ಮೂರು ಗಂಟೆ ತಲೆಯೇ ಎತ್ತಲಿಲ್ಲ. ಎದುರಿಗೆ ಇದ್ದ ಪ್ರತಿಮೆಯನ್ನೂ ಪರದೆ ಮೇಲೇ ತಿರುಗಿಸಿ ತಿರುಗಿಸಿ ನೋಡಿದ.

ಮೋನಾ ಲೀಸಾ ಸಾಲಲ್ಲಿ ಒಂದೂ ಮುಕ್ಕಾಲು ಗಂಟೆ ನಿಂತೆವು. ಅವಳ ಮುಂದೆ ಸಿಕ್ಕಿದ್ದು ಅರ್ಧ ನಿಮಿಷ. ಸುತ್ತಲೂ ಗೋಡೆ ತುಂಬ ರೂಬೆನ್ಸ್ ಬಿಡಿಸಿದ ದಪ್ಪ ದಪ್ಪ ದೇವತೆಗಳು. ನನಗೆ ನೆನಪಿರೋದು ಅವರೇ.

25ಕ್ಕೆ ವರ್ಸೇಲ್ಸ್. ಆವತ್ತು ಪ್ಯಾರಿಸ್‌ನಲ್ಲಿ 42.6 ಡಿಗ್ರಿ, ಆ ಊರಿನ ದಾಖಲೆ. ಪ್ಯಾರಿಸ್ ಒಳಗೆ ಓಡಾಡುವ ಟಿಕೆಟನ್ನೇ ಹಿಡಿದು ಆರ್‌ಇಆರ್ ಸಿ ರೈಲು ಹತ್ತಿದ್ದೆವು. ವರ್ಸೇಲ್ಸ್‌ಗೆ ಬೇರೆ ಟಿಕೆಟ್ ಬೇಕಿತ್ತು. ಇಳಿಯುವಾಗ ತಪಾಸಣೆ. ತಲೆಗೆ 35 ಯೂರೋ ದಂಡ, ಮೂವರಿಗೆ 105. ಅರಮನೆ ನೋಡುವ ಮೊದಲೇ ಅರಮನೆಗಿಂತ ಜಾಸ್ತಿ ಖರ್ಚು. ಕನ್ನಡಿ ಮಂಟಪದಲ್ಲಿ 357 ಕನ್ನಡಿ ಇದೆಯಂತೆ. ಎಲ್ಲದರಲ್ಲೂ ಬೆವರಿದ ನನ್ನ ಮುಖವೇ ಕಂಡಿದ್ದು. ತೋಟದಲ್ಲಿ ಕಾಲುವೆವರೆಗೆ ನಡೆಯೋಣ ಅಂತ ಹೊರಟು ಅರ್ಧದಲ್ಲೇ ಹೆಂಡತಿ ಚಪ್ಪಲಿ ಬಿಚ್ಚಿ ಕೈಲಿ ಹಿಡಿದಳು. ನೆಲ ಸುಡುತ್ತಿತ್ತು, ಮತ್ತೆ ಹಾಕಿಕೊಂಡಳು. ನನ್ನ ಜೊತೆ ಮಾತಾಡಿದ್ದು ರಾತ್ರಿ ಎಂಟಕ್ಕೆ.

ಚಿತ್ರದ ಮೇಷ್ಟ್ರು:
ರೂಬೆನ್ಸಾ? ಕ್ಷಮಿಸಿ, ನೀವು ನೋಡಿದ್ದು ಮೋನಾ ಲೀಸಾನೇನಾ? ಅವಳ ಎದುರು ಗೋಡೆಯಲ್ಲಿ ಇರೋದು ವೆರೊನೀಸ್ ಬಿಡಿಸಿದ ಕಾನಾ ಊರಿನ ಮದುವೆ. 6.77 ಮೀಟರ್ ಎತ್ತರ, 9.94 ಮೀಟರ್ ಅಗಲ. ಲೂವ್ರ್‌ನಲ್ಲೇ ಅತಿ ದೊಡ್ಡ ವರ್ಣಚಿತ್ರ, 1797ರಲ್ಲಿ ನೆಪೋಲಿಯನ್ ಸೈನ್ಯ ವೆನಿಸ್‌ನಿಂದ ಹೊತ್ತು ತಂದಿದ್ದು. 77 ಸೆಂಟಿಮೀಟರ್ ಎತ್ತರದ ಮೋನಾ ಲೀಸಾ ಮುಂದೆ ನೂರು ಫೋನ್, ಎಲ್ಲಾ ಈ ದೊಡ್ಡ ಚಿತ್ರಕ್ಕೆ ಬೆನ್ನು ತೋರಿಸಿಕೊಂಡು. ಇಷ್ಟು ದೊಡ್ಡದು ಕಣ್ಣಿಗೆ ಬೀಳಲಿಲ್ಲ ಅಂದರೆ ಆಶ್ಚರ್ಯ.

ನಾವು ಲೂವ್ರ್‌ಗೆ ಮೂರು ದಿನ ಕೊಟ್ಟೆವು. ಹೌದು, ಮೂರು. ಜನ ನಕ್ಕರು, ನಗಲಿ. ಬುಧವಾರ, ಶುಕ್ರವಾರ ರಾತ್ರಿ ಒಂಬತ್ತರವರೆಗೂ ತೆರೆದಿರುತ್ತೆ. ಸಂಜೆ ಆರಕ್ಕೆ ಹೋದರೆ ಗುಂಪುಗಳೆಲ್ಲ ಖಾಲಿ. ನನ್ನ ಮಗಳು ಸಾಮೊತ್ರಾಸ್‌ನ ರೆಕ್ಕೆಯ ವಿಜಯದೇವಿ ಕೆಳಗೆ, ಮೆಟ್ಟಿಲ ಮೇಲೆ ಕೂತು ನಲವತ್ತು ನಿಮಿಷ ಪೆನ್ಸಿಲ್‌ನಲ್ಲಿ ಬಿಡಿಸಿದಳು. ಆ ಪ್ರತಿಮೆಗೆ ತಲೆ ಇಲ್ಲ. "ಮುಖ ಬಿಡಿಸೋ ಕಷ್ಟ ಇಲ್ಲ ಅಪ್ಪಾ" ಅಂದಳು. ಆ ಹಾಳೆ ಚೌಕಟ್ಟು ಹಾಕಿಸಿ ಇಟ್ಟಿದ್ದೇನೆ. ವರ್ಸೇಲ್ಸ್ ಬಿಟ್ಟೆವು, ಇವತ್ತಿಗೂ ಬೇಜಾರಿಲ್ಲ. ಅಂದ ಹಾಗೆ ಅದು ವರ್ಸೇಲ್ಸ್ ಅಲ್ಲ, ವೆರ್ಸಾಯ್.

ಬಿಸಿಲಲ್ಲಿ ಬೆಂದವನು:
ಮೇಷ್ಟ್ರೇ, ಸಾಲಲ್ಲಿ ಒಂದೂ ಮುಕ್ಕಾಲು ಗಂಟೆ ನಿಂತಿದ್ದು ನಾನು. ಎದುರಿಗೆ ಏನಿತ್ತು ಅಂತ ನನಗೆ ಗೊತ್ತಿಲ್ವಾ? ಮದುವೆಯೂ ಇರಲಿಲ್ಲ, ಊಟವೂ ಇರಲಿಲ್ಲ. ಶಾಲೆಯಲ್ಲಿ ವರ್ಸೇಲ್ಸ್ ಒಪ್ಪಂದ ಅಂತಲೇ ಓದಿದ್ದು, ಈಗ ಬದಲಾಯಿಸೋಕೆ ಆಗಲ್ಲ.

ಮೂರು ಸಲ ಬುಕ್ ಮಾಡಿದವಳು:
ಇಬ್ಬರೂ ಸುಮ್ನೆ ಜಗಳ ಆಡ್ತಿದ್ದೀರಿ. 2019ರ ಬೇಸಿಗೆಯಲ್ಲಿ ಮೋನಾ ಲೀಸಾ ಇರುವ ಕೋಣೆ ರಿಪೇರಿಗೆ ಮುಚ್ಚಿತ್ತು. ಜುಲೈನಿಂದ ಅಕ್ಟೋಬರ್‌ವರೆಗೆ ಅವಳನ್ನು ರೂಬೆನ್ಸ್ ಚಿತ್ರಗಳಿರುವ ಮೆಡಿಚಿ ಗ್ಯಾಲರಿಗೆ ಸಾಗಿಸಿದ್ದರು. ಅದಕ್ಕೇ ಆ ಸಾಲು. ಇಬ್ಬರು ಹೇಳಿದ್ದೂ ಸರಿ. ಇನ್ನು ರೈಲಿನ ದಂಡದ ಭಯ ಈಗ ಬೇಡ. 2025ರ ಜನವರಿಯಿಂದ, ವಿಮಾನ ನಿಲ್ದಾಣ ಬಿಟ್ಟು, ಪ್ಯಾರಿಸ್ ಸುತ್ತಮುತ್ತ ಎಲ್ಲಾ ಕಡೆಗೂ ಒಂದೇ ದರದ ಟಿಕೆಟ್ ಬಂದಿದೆ. ನಾನು ಹೋದಾಗ 2.50 ಯೂರೋ, ವರ್ಸೇಲ್ಸ್‌ಗೂ ಅದೇ. ಹಳೇ ಲೆಕ್ಕ ಹೇಳಿ ಹೆದರಿಸಬೇಡಿ.

ಸಂಕಟ ಅಂದರೆ ನನ್ನದು. ಲೂವ್ರ್‌ಗೆ ನಮಗೆ ಸಿಕ್ಕಿದ್ದು 2025ರ ಅಕ್ಟೋಬರ್ 20, ಬೆಳಗ್ಗೆ ಹತ್ತು ಗಂಟೆ. ಅಕ್ಟೋಬರ್ 19ಕ್ಕೆ ಏನಾಯಿತು ಅಂತ ಎಲ್ಲರಿಗೂ ಗೊತ್ತಲ್ಲ. ಭಾನುವಾರ ಹಾಡಹಗಲೇ ಏಣಿ ಹಾಕಿ, ಲೂವ್ರ್‌ನ ಅಪೊಲೊ ಗ್ಯಾಲರಿಗೆ ನುಗ್ಗಿ, ರಾಣಿಯರ ಒಡವೆ ಕದ್ದುಕೊಂಡು ಹೋದರು. ಸೋಮವಾರ ನಾವು ಐದು ಜನ ಪೊಲೀಸರ ತಡೆಗೋಡೆ ಮುಂದೆ. ಮುಚ್ಚಿದೆ. ಸರಿ, ಓರ್ಸೆ ಮ್ಯೂಸಿಯಂಗೆ ಹೋಗೋಣ ಅಂದರೆ ಅದಕ್ಕೆ ಸೋಮವಾರವೇ ರಜೆ. ಮಂಗಳವಾರ ಲೂವ್ರ್‌ಗೆ ವಾರದ ರಜೆ. ಬುಧವಾರ ಬಾಗಿಲು ತೆಗೆದರು. ಬುಧವಾರ ಬೆಳಗ್ಗೆ ನಾವು ವಿಮಾನ ನಿಲ್ದಾಣದಲ್ಲಿ.

ಗೈಡ್‌ಗೆ ಅಂತ ಯಾವುದೋ ಒಂದು ವೆಬ್‌ಸೈಟ್‌ನಲ್ಲಿ ಮೊದಲೇ 180 ಯೂರೋ ಕಟ್ಟಿದ್ದೆ. "ಗೈಡ್ ಬಂದಿದ್ದರು, ಮ್ಯೂಸಿಯಂ ಮುಚ್ಚಿದ್ದು ನಮ್ಮ ತಪ್ಪಲ್ಲ" ಅಂತ ಉತ್ತರ ಬಂತು. ಹನ್ನೊಂದು ಮೇಲ್ ಕಳಿಸಿದೆ. ಕೊನೆಗೆ 40 ಯೂರೋದ ಕೂಪನ್ ಕೊಟ್ಟರು, ಆರು ತಿಂಗಳೊಳಗೆ ಬಳಸಬೇಕಂತೆ. ಕಳ್ಳರಿಗೆ ಏಳೆಂಟು ನಿಮಿಷ ಸಾಕಾಯಿತು, ನನಗೆ ಎರಡು ತಿಂಗಳು ಹಿಡಿಯಿತು.

ಮಂಗಳವಾರ ಓರ್ಸೆಗೆ ಹೋದೆವು. ಮೊದಲು ಅದು ರೈಲು ನಿಲ್ದಾಣ, 1900ರಲ್ಲಿ ಕಟ್ಟಿದ್ದು. ಮೇಲಿನ ಮಹಡಿಯ ದೊಡ್ಡ ಗಡಿಯಾರದ ಗಾಜಿನ ಹಿಂದೆ ನಿಂತು ಮಕ್ಕಳು ಉಲ್ಟಾ ಅಂಕಿ ಓದುತ್ತಾ ಅರ್ಧ ಗಂಟೆ ಕಳೆದರು. ವಾನ್ ಗಾಗ್ ಕಡೆ ತಿರುಗಿಯೂ ನೋಡಲಿಲ್ಲ.

ಇನ್ನೊಂದು ಮಾತು. 2026ರ ಜನವರಿಯಿಂದ ಯುರೋಪಿನ ಆಚೆಯಿಂದ ಬರುವವರಿಗೆ ಲೂವ್ರ್ ಟಿಕೆಟ್ 32 ಯೂರೋ. ಮೊದಲು ಎಲ್ಲರಿಗೂ 22 ಇತ್ತು. 18ರ ಕೆಳಗಿನವರಿಗೆ ಫ್ರೀ.

ಲಂಡನ್ ಸುತ್ತಿದವನು:
32 ಯೂರೋ! ಪಾಸ್‌ಪೋರ್ಟ್ ನೋಡಿ ರೇಟು ಹೇಳೋ ಊರಿಗೆ ಯಾಕೆ ಹೋಗಬೇಕು? ಲಂಡನ್‌ಗೆ ಹೋಗಿ. ಬ್ರಿಟಿಷ್ ಮ್ಯೂಸಿಯಂ ಫ್ರೀ. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಫ್ರೀ. ಅಲ್ಲಿ ಟಿಪ್ಪುವಿನ ಹುಲಿ ಇದೆ. ಮರದ ಹುಲಿ ಮಲಗಿದ ಸಿಪಾಯಿಯ ಕುತ್ತಿಗೆಗೆ ಬಾಯಿ ಹಾಕಿದೆ, ಹೊಟ್ಟೆಯೊಳಗೆ ಪುಟ್ಟ ಆರ್ಗನ್ ವಾದ್ಯ. ನನ್ನ ಮಗ ಗಾಜಿಗೆ ಮೂಗು ಒತ್ತಿಕೊಂಡು "ಇವನು ಸತ್ತನಾ, ಇನ್ನೂ ಇದ್ದಾನಾ" ಅಂತ ಕೇಳ್ತಾನೇ ಇದ್ದ. ಬ್ರಿಟಿಷ್ ಮ್ಯೂಸಿಯಂನಲ್ಲಿ ಎರಡು ದಿನ ಸುತ್ತಿದರೂ ಇಷ್ಟು ಪ್ರಶ್ನೆ ಬರಲಿಲ್ಲ. ಆಮೇಲೆ ಟವರ್ ಆಫ್ ಲಂಡನ್ ಕೋಟೆಯಲ್ಲಿ ಕೊಹಿನೂರ್. ಕಿರೀಟಗಳ ಮುಂದೆ ಚಲಿಸುವ ಬೆಲ್ಟ್ ಇದೆ, ಅದು ನಿಮ್ಮನ್ನು ಎಳೆದುಕೊಂಡು ಹೋಗುತ್ತೆ, ನಿಲ್ಲೋ ಹಾಗಿಲ್ಲ. ಮಗಳು ಮೂರು ಸಲ ಹೋಗಿ ಬಂದಳು, ವಜ್ರಕ್ಕಲ್ಲ, ಬೆಲ್ಟಿಗೆ.

ಇತಿಹಾಸ ಓದಿದ ತಪ್ಪಿಗೆ:
1799ರಲ್ಲಿ ಲೂಟಿ ಮಾಡಿದ್ದನ್ನು ಗಾಜಿನೊಳಗೆ ಇಟ್ಟು "ಫ್ರೀ" ಅಂದರೆ ನಾವು ಕೈಮುಗಿಯಬೇಕಾ? ಟವರ್ ಏನೂ ಫ್ರೀ ಅಲ್ಲ. ಕಳೆದುಕೊಂಡವರೇ ದುಡ್ಡು ಕೊಟ್ಟು ನೋಡಬೇಕು. ನಾನು ಲಂಡನ್‌ನಲ್ಲಿ ಆರು ದಿನ ಇದ್ದೆ, ಟವರ್ ಒಳಗೆ ಕಾಲಿಡಲಿಲ್ಲ. ಹೊರಗಡೆ ಬೆಂಚಿನ ಮೇಲೆ ಕೂತಿದ್ದೆ, ಮನೆಯವರೆಲ್ಲ ಒಳಗೆ ಹೋಗಿ ಬಂದರು.

ಲಂಡನ್ ಸುತ್ತಿದವನು:
ಟವರ್ ಫ್ರೀ ಅಂತ ನಾನು ಎಲ್ಲಿ ಹೇಳಿದೆ ಸ್ವಾಮಿ? ಮನೆಯವರ ಟಿಕೆಟ್‌ಗೆ ದುಡ್ಡು ಕೊಟ್ಟಿದ್ದು ನೀವೇ ತಾನೇ? ಬೆಂಚಿನ ಮೇಲೆ ಕೂತರೆ ವಜ್ರ ವಾಪಸ್ ಬರುತ್ತಾ?

ಎರಡು ಬೀಗ ನೋಡಿದವನು:
ಮಂಗಳವಾರದ ಮಾತು ಬಂತಲ್ಲ, ನನ್ನದೂ ಹೇಳ್ತೇನೆ. ಇಸ್ತಾಂಬುಲ್‌ನಲ್ಲಿ ನಮಗಿದ್ದಿದ್ದು ಎರಡೇ ದಿನ. ಸೋಮವಾರ ದೋಲ್ಮಾಬಾಹ್ಚೆ ಅರಮನೆಗೆ ಹೋದೆವು, ಅದಕ್ಕೆ ಸೋಮವಾರ ರಜೆ. ಮಂಗಳವಾರ ತೋಪ್‌ಕಾಪಿ ಅರಮನೆಗೆ ಹೋದೆವು, ಅದಕ್ಕೆ ಮಂಗಳವಾರ ರಜೆ. ಅದಲು ಬದಲು ಮಾಡಿದ್ದರೆ ಎರಡೂ ಸಿಗುತ್ತಿದ್ದವು! ನಾಲ್ಕೂವರೆ ಟನ್ ತೂಕದ ದೀಪಗುಚ್ಛ ಇದೆ, 86 ಕ್ಯಾರೆಟ್‌ನ ವಜ್ರ ಇದೆ ಅಂತ ಮಕ್ಕಳಿಗೆ ಒಂದು ವಾರದಿಂದ ಹೇಳಿಕೊಂಡು ಬಂದಿದ್ದೆ. ಈಗ ಮನೆಯಲ್ಲಿ ಏನಾದರೂ ಮುಚ್ಚಿದ್ದರೆ "ಅಪ್ಪ ಪ್ಲಾನ್ ಮಾಡಿದ್ದು" ಅಂತಾರೆ.

ವಿಯೆನ್ನಾ ಸಾಕು:
ಕೇಳಿದ್ದು ಪ್ಯಾರಿಸ್, ವಿಯೆನ್ನಾ. ನೀವೆಲ್ಲ ಇಸ್ತಾಂಬುಲ್ ಮುಟ್ಟಿದ್ದೀರಿ.

ಶೋನ್‌ಬ್ರುನ್‌ಗೆ ವಾರದ ರಜೆಯೇ ಇಲ್ಲ. 1441 ಕೋಣೆ ಇದ್ದರೂ ನೋಡೋಕೆ ಬಿಡೋದು ನಲವತ್ತರ ಆಸುಪಾಸು. ಏಳು ವರ್ಷದವನು ಇದ್ದರೆ ನೇರ ಮಕ್ಕಳ ಮ್ಯೂಸಿಯಂಗೆ ಕರ್ಕೊಂಡು ಹೋಗಿ. ರಾಜಕುಮಾರರ ಬಟ್ಟೆ ಹಾಕಿಸ್ತಾರೆ, ಆ ಕಾಲದ ವಿಗ್ ಹೇಗಿತ್ತು ತೋರಿಸ್ತಾರೆ. ನನ್ನ ಮಗ ನೀಲಿ ಕೋಟು ಹಾಕಿಕೊಂಡು ಬಿಚ್ಚೋದಿಲ್ಲ ಅಂತ ಹಟ ಹಿಡಿದ. 1762ರಲ್ಲಿ ಆರು ವರ್ಷದ ಮೊಜಾರ್ಟ್ ಇದೇ ಅರಮನೆಯಲ್ಲಿ ಮಾರಿಯಾ ತೆರೇಸಾ ಮುಂದೆ ನುಡಿಸಿ, ಹಾರಿ ರಾಣಿಯ ತೊಡೆ ಏರಿದನಂತೆ. ಅವರಪ್ಪನೇ ಕಾಗದದಲ್ಲಿ ಬರೆದಿದ್ದಾನೆ. ಇದನ್ನು ಹೇಳಿದ ಮೇಲೆ ಮಗ ಕನ್ನಡಿ ಕೋಣೆಯಲ್ಲಿ ರಾಣಿ ಎಲ್ಲಿ ಕೂತಿದ್ದಳು ಅಂತ ಜಾಗ ಹುಡುಕಿದ. ಅಂಗಳದಾಚೆಗೆ ಮೃಗಾಲಯ, 1752ರದ್ದು, ಇವತ್ತಿಗೂ ನಡೀತಿರೋ ಅತಿ ಹಳೆಯದು. ನಾಲ್ಕು ದಿನದಲ್ಲಿ ಎರಡೇ ಜಾಗ ನೋಡಿದೆವು. ಯಾರೂ ಅಳಲಿಲ್ಲ, ಯಾರಿಗೂ ಗುಳ್ಳೆ ಬರಲಿಲ್ಲ.

ಚಿತ್ರದ ಮೇಷ್ಟ್ರು:
ವಿಗ್ ನೋಡೋಕೆ ವಿಯೆನ್ನಾವರೆಗೆ ಹೋಗಬೇಕಾ? ಅದೇ ಊರಿನ ಕಲಾ ಮ್ಯೂಸಿಯಂನಲ್ಲಿ ಬ್ರೂಗೆಲ್ ಬಿಡಿಸಿದ ಬಾಬೆಲ್ ಗೋಪುರದ ಚಿತ್ರ ಇದೆ, ಒಂದು ಕೋಣೆ ತುಂಬ ಬ್ರೂಗೆಲ್. ಮಕ್ಕಳಿಗೆ ಒಳ್ಳೆಯದನ್ನು ತೋರಿಸಿದರೆ ಮಕ್ಕಳು ನೋಡ್ತಾರೆ.

ವಿಯೆನ್ನಾ ಸಾಕು:
ನಿಮ್ಮ ಮಗಳು ಚಿತ್ರ ಬಿಡಿಸ್ತಾಳೆ, ಸಂತೋಷ. ನನ್ನ ಮಗ ಓಡ್ತಾನೆ. ಎಲ್ಲರ ಮಕ್ಕಳಿಗೂ ನೀವೇ ಮೇಷ್ಟ್ರಲ್ಲ.

ಜೂನ್‌ಗೆ ಹೊರಟವಳು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಜಗಳ ಬೇಡ ಪ್ಲೀಸ್. ಆದರೆ ಅತ್ತೆಯ ಮಂಡಿ ಬಗ್ಗೆ ಯಾರೂ ಹೇಳಲೇ ಇಲ್ಲ.

ಎಪ್ಪತ್ತರ ಅಜ್ಜಿ:
ನಾನು ಹೇಳ್ತೇನಮ್ಮ. ನಿನ್ನ ಅತ್ತೆಯ ಜಾಗದಲ್ಲಿ ಹೋಗಿ ಬಂದವಳು ನಾನೇ.

ಮೊದಲು ವ್ಯಾಟಿಕನ್ ಮ್ಯೂಸಿಯಂಗೆ ಹೋದೆವು. ತಿಂಗಳ ಕೊನೆಯ ಭಾನುವಾರ ಫ್ರೀ ಅಂತ ನನ್ನ ಮಗ ಅದೇ ದಿನ ಹುಡುಕಿ ಇಟ್ಟಿದ್ದ. ತಲೆಗೆ 20 ಯೂರೋ ಉಳಿಯಿತು, ಗೋಡೆ ಪಕ್ಕ ಎರಡೂವರೆ ಗಂಟೆ ನಿಂತೆವು. ಗಾಲಿ ಕುರ್ಚಿ ತರ್ತೀನಿ ಅಂದ, ನಾನು ಬೇಡ ಅಂದೆ. ಜನ ಏನಂದುಕೊಳ್ತಾರೆ ಅಂತ. ಅದರೊಳಗಿನ ಸಿಸ್ಟೈನ್ ಚಾಪೆಲ್ ತಲುಪುವಷ್ಟರಲ್ಲಿ ಮಂಡಿ ಊದಿ ಬೆಲ್ಲದ ಅಚ್ಚಿನ ಹಾಗೆ ಆಗಿತ್ತು. ಮೈಕೆಲಾಂಜೆಲೊ ನಾಲ್ಕು ವರ್ಷ ತಲೆ ಮೇಲೆತ್ತಿ ಆ ಚಾವಣಿಯ ಚಿತ್ರ ಬರೆದನಂತೆ. ನನಗೆ ನಾಲ್ಕು ನಿಮಿಷ ತಲೆ ಎತ್ತೋಕೆ ಆಗಲಿಲ್ಲ. ಗೋಡೆ ಪಕ್ಕದ ಬೆಂಚಿನಲ್ಲಿ ಯಾರಾದರೂ ಏಳ್ತಾರಾ ಅಂತ ಅದನ್ನೇ ನೋಡ್ತಿದ್ದೆ.

ಪ್ಯಾರಿಸ್‌ನಲ್ಲಿ ಹಟ ಬಿಟ್ಟೆ. ಲೂವ್ರ್‌ನಲ್ಲಿ ಗುರುತಿನ ಚೀಟಿ ಇಟ್ಟುಕೊಂಡು ಗಾಲಿ ಕುರ್ಚಿ ಪುಕ್ಕಟೆ ಕೊಡ್ತಾರೆ. ಗಾಜಿನ ಪಿರಮಿಡ್ ಒಳಗೆ ಸುತ್ತು ಮೆಟ್ಟಿಲು ಇದೆ ನೋಡು, ಅದರ ನಟ್ಟನಡುವೆ ಒಂದು ಲಿಫ್ಟ್. ಮೇಲೆ ಚಾವಣಿ ಇಲ್ಲ, ಸುಮ್ನೆ ಒಂದು ದುಂಡನೆ ಕಂಬ ನೆಲದೊಳಗೆ ಇಳಿದ ಹಾಗೆ ಇಳಿಯುತ್ತೆ, ಅದರ ತಲೆ ಮೇಲೆ ನೀನು. ಮೊಮ್ಮಗ ಸುತ್ತು ಮೆಟ್ಟಿಲಲ್ಲಿ ನನ್ನ ಸುತ್ತಲೇ ಓಡಿ ಇಳಿದ. ನಾನೇ ಮೊದಲು ಮುಟ್ಟಿದ್ದು ಅಂತ ಇಬ್ಬರೂ ಈಗಲೂ ವಾದ ಮಾಡ್ತೇವೆ. ಒಳಗಡೆ ಲಿಫ್ಟುಗಳು ಮಾತ್ರ ಎಲ್ಲೆಲ್ಲೋ ಮೂಲೆಯಲ್ಲಿ ಇರ್ತವೆ. ನಕ್ಷೆ ಯಾರಾದರೂ ಒಬ್ಬರ ಕೈಲೇ ಇರಲಿ, ನಾಲ್ವರು ನಾಲ್ಕು ಕಡೆ ತಳ್ಳಿದರೆ ಕೂತವರಿಗೆ ತಲೆ ತಿರುಗುತ್ತೆ.

ಇನ್ನೊಂದು. ನೀನು ಇಲ್ಲಿ ನಮ್ಮನ್ನೆಲ್ಲ ಕೇಳ್ತಿದ್ದೀಯ. ನಿನ್ನ ಅತ್ತೆಯನ್ನು ಕೇಳಿದ್ದೀಯಾ? ನನ್ನ ಮಗ ನನ್ನನ್ನು ಮಾತ್ರ ಬಿಟ್ಟು ಎಲ್ಲರನ್ನೂ ಕೇಳಿದ್ದ.

ಬಿಸಿಲಲ್ಲಿ ಬೆಂದವನು:
ಆ ಲಿಫ್ಟ್ 2019ರಲ್ಲೂ ಇತ್ತಾ? ನಮ್ಮವಳು ಕಾಲುನೋವು ಅಂತ ಅಳ್ತಾ ಅದೇ ಮೆಟ್ಟಿಲು ಹತ್ತಿದ್ದು. ಈಗ ಪಕ್ಕದಲ್ಲಿ ಕೂತು ಇದನ್ನು ಓದ್ತಿದ್ದಾಳೆ.

ಚಿತ್ರದ ಮೇಷ್ಟ್ರು:
ಪಿರಮಿಡ್ ಕಟ್ಟಿದ 1989ರಿಂದಲೂ ಇದೆ. ಅದರ ಸುತ್ತಲೇ ಹತ್ತಿದ್ದೀರಿ. ರೂಬೆನ್ಸ್ ಕಣ್ಣಿಗೆ ಬಿದ್ದ, ಅದೊಂದು ಬೀಳಲಿಲ್ಲ.