ಸಹಾಯ ಬೇಕು: 4ಎಲ್60ಇ ಗೇರ್‌ಬಾಕ್ಸ್‌ಗೆ ಶಿಫ್ಟ್ ಕಿಟ್ ಹಾಕ್ಸೋದಾ ಬೇಡ್ವಾ?

ಎಲ್ರಿಗೂ ನಮಸ್ಕಾರ, ಅಮೆರಿಕದಲ್ಲಿರೋ ಕನ್ನಡಿಗರಲ್ಲಿ ಹಳೇ ಟ್ರಕ್ ಕೆಲಸ ಗೊತ್ತಿರೋರು ಇದ್ರೆ ದಯವಿಟ್ಟು ಹೇಳಿ. ನಾನಿರೋದು ಟೆಕ್ಸಾಸ್, ಗಾಡಿ 2004ರ ಶೆವಿ ಸಿಲ್ವರಾಡೊ 1500, 5.3 ಲೀಟರ್ ವಿ8 ಇಂಜಿನ್, ಗೇರ್‌ಬಾಕ್ಸ್ 4ಎಲ್60ಇ ಅನ್ನೋ ನಾಲ್ಕು ಗೇರಿನ ಆಟೋಮ್ಯಾಟಿಕ್. ಗೇರ್‌ಬಾಕ್ಸ್ ಆಯಿಲ್ ಇನ್ನೂ ಕೆಂಪಗೇ ಇದೆ, ಸುಟ್ಟ ವಾಸನೆ ಇಲ್ಲ, ಆದ್ರೆ ವಯಸ್ಸಾಗಿದೆ ನೋಡಿ, ಟ್ರೇಲರ್ ಕಟ್ಕೊಂಡು ಹೊರಟ್ರೆ 1ರಿಂದ 2ಕ್ಕೆ ಹೋಗೋವಾಗ ಟಕ್ ಅಂತ ಕೂರಲ್ಲ, ಎಳೀತಾ ಜಾರ್ತಾ ಹೋಗುತ್ತೆ, ಆ ಜಾರೋದ್ರಲ್ಲೇ ಬ್ಯಾಂಡ್ (2, 4ನೇ ಗೇರಲ್ಲಿ ಒಳಗಿನ ಡ್ರಮ್ಮನ್ನ ಬಿಗಿಹಿಡಿಯೋ ಪಟ್ಟಿ) ಬಿಸಿಯಾಗಿ ಸವೆದುಹೋಗುತ್ತಲ್ಲ ಅದೇ ನಂಗೆ ಭಯ.

ಹೊರಗಡೆ ಗೇರ್‌ಬಾಕ್ಸ್ ಆಯಿಲ್‌ಗೆ ದೊಡ್ಡ ಕೂಲರ್ ಹಾಕ್ಸೋದು ಗ್ಯಾರಂಟಿ, ಆಟೋಮ್ಯಾಟಿಕ್‌ನ ಕೊಲ್ಲೋದೇ ಬಿಸಿ. ಜೊತೆಗೆ ಕಾರ್ವೆಟ್ ಸರ್ವೋ (ಸರ್ವೋ ಅಂದ್ರೆ ಆಯಿಲ್ ಒತ್ತಡದಿಂದ ಬ್ಯಾಂಡನ್ನ ಬಿಗಿ ಮಾಡೋ ಭಾಗ), ಅದರ ಪಿಸ್ಟನ್ ದೊಡ್ಡದು, 2-4 ಬ್ಯಾಂಡನ್ನ ಗಟ್ಟಿಯಾಗಿ ಹಿಡಿಯುತ್ತೆ, ಗೇರ್‌ಬಾಕ್ಸ್ ಇಳಿಸೋದೂ ಬೇಡ. ಆದ್ರೆ ಈ ಬಾಕ್ಸಲ್ಲಿ ಮೊದ್ಲು ಹೋಗೋದು 3, 4ನೇ ಗೇರಲ್ಲಿ ಹಿಡಿಯೋ 3-4 ಕ್ಲಚ್ಚು ಅಂತಾರೆ, ಸರ್ವೋ ಹಾಕಿದ್ರೆ ಅದಕ್ಕೇನೂ ಉಪಯೋಗ ಆಗಲ್ಲ. ಹಾಗಾಗಿ ವಾಲ್ವ್ ಬಾಡಿ (ಆಯಿಲ್ ಎಲ್ಲಿಗೆ ಹೋಗ್ಬೇಕು ಅಂತ ನಿಯಂತ್ರಿಸೋ ಭಾಗ) ಇಳಿಸಿ, ಗೇರ್ ಬೇಗ ಗಟ್ಟಿಯಾಗಿ ಕೂರೋ ಹಾಗೆ ಅದರ ಸೆಪರೇಟರ್ ಪ್ಲೇಟಲ್ಲಿ ಆಯಿಲ್ ಹೋಗೋ ತೂತು ದೊಡ್ಡದು ಮಾಡೋ ಶಿಫ್ಟ್ ಕಿಟ್ಟೂ ಹಾಕ್ಸಬೇಕಾ, ಇಲ್ಲಾ ಸವೆದ ಕ್ಲಚ್ ಮೇಲೆ ಕಿಟ್ ಹಾಕೋದು ದುಡ್ಡು ದಂಡಾನಾ, ನೇರ ರೀಬಿಲ್ಡೇ ಮಾಡಿಸ್ಬೇಕಾ? ದಿನಾ ಆಫೀಸಿಗೂ ಇದೇ ಗಾಡಿ, ಮನೆಯೋರೂ ಓಡಿಸ್ತಾರೆ, ಪ್ರತಿ ಗೇರಿಗೂ ಜರ್ಕ್ ಹೊಡೆಯೋ ಹಾಗಾಗಬಾರದು. ಟ್ರೇಲರ್ ಎಳೆಯೋರು ತೂತಿನ ಸೈಜ್ ಎಷ್ಟಿಟ್ರಿ, ಅದನ್ನೂ ಬರೀರಿ ಪ್ಲೀಸ್.