ಎಕ್ಸೆಲ್ ಫಿಲ್ಟರ್ ಫಾರ್ಮುಲಾ: ಖರೀದಿ ಪ್ಲಾನ್, ಬಜೆಟ್ ಪ್ರಶ್ನೆಗಳು

ಅಡ್ಮಿನ್: ಬಜೆಟ್ ಕನ್ಸಲ್ಟೆಂಟ್ ಮೇಡಂ ಈಗ ಉತ್ತರಿಸುತ್ತಾರೆ. ನಿಮ್ಮ ಎಕ್ಸೆಲ್ ವರ್ಷನ್ ಯಾವುದು ಅಂತಲೂ ಬರೆಯಿರಿ.

ತುಮಕೂರು, ಹಾರ್ಡ್‌ವೇರ್ ಅಂಗಡಿ: ನಮಸ್ತೆ ಮೇಡಂ. ಎಕ್ಸೆಲ್ 2016ರಲ್ಲಿ ಫಿಲ್ಟರ್ ಫಂಕ್ಷನ್ (ಷರತ್ತಿಗೆ ಹೊಂದುವ ಸಾಲುಗಳನ್ನು ಮಾತ್ರ ತೋರಿಸುವ ಫಾರ್ಮುಲಾ) ಹಾಕಿದರೆ #ನೇಮ್? ಅಂತ ಬರುತ್ತೆ.

ಮೇಡಂ: ನಮಸ್ತೆ. 2016, 2019ರಲ್ಲಿ ಅದು ಇಲ್ಲ. 2021 ಅಥವಾ ಅದಕ್ಕಿಂತ ಹೊಸದು, ಇಲ್ಲವೇ 365 ಬೇಕು. ಮೊತ್ತ ಮಾತ್ರ ಸಾಕಾದರೆ ಸಮ್‌ಇಫ್ಸ್ (ಷರತ್ತಿಗೆ ಹೊಂದುವುದನ್ನಷ್ಟೇ ಕೂಡಿಸುವ ಫಂಕ್ಷನ್) ಬಳಸಿ, ನಿಮ್ಮದರಲ್ಲೂ ನಡೆಯುತ್ತೆ.

ಹುಬ್ಬಳ್ಳಿ, ಔಷಧ ವಿತರಣೆ: ಮೇಡಂ, ಮುಂದಿನ ವರ್ಷದ ಖರೀದಿ ಪ್ಲಾನ್ ಮಾಡುತ್ತಿದ್ದೇನೆ. ಎಕ್ಸೆಲ್ 365. ಬಿಲ್ಲಿಂಗ್ ಸಾಫ್ಟ್‌ವೇರ್‌ನ ಸಿಎಸ್‌ವಿ ಫೈಲ್ (ಕಾಮಾ ಹಾಕಿ ಬರೆದ ಸಾದಾ ಟೆಕ್ಸ್ಟ್ ಫೈಲ್) ತೆರೆದು, 1-4-2025ರಿಂದ ಈಚಿನ ಬಿಲ್ಲು ಮಾತ್ರ ಬರಲಿ ಅಂತ ಫಿಲ್ಟರ್ ಹಾಕಿದೆ. 2024ರವೂ ಬಂದವು. ಅದೇ ಷರತ್ತಿಗೆ ಸಮ್‌ಇಫ್ಸ್ ಮೊತ್ತ ತೀರಾ ಕಡಿಮೆ. ಯಾವುದನ್ನು ನಂಬಲಿ?

ಮೇಡಂ: ಎರಡನ್ನೂ ನಂಬಬೇಡಿ. ಆರ್ಡರ್ ಇನ್ನೂ ಹಾಕಿಲ್ಲ ತಾನೆ? ತಾರೀಖಿನ ಕಾಲಂ ಅಗಲ ಮಾಡಿ ನೋಡಿ. ಕೆಲವು ಎಡಕ್ಕೆ, ಕೆಲವು ಬಲಕ್ಕೆ ಇವೆಯಾ?

ಹುಬ್ಬಳ್ಳಿ: ಹೌದು! 13ರಿಂದ 31ನೇ ತಾರೀಖಿನವೆಲ್ಲ ಎಡಕ್ಕಿವೆ. ಆರ್ಡರ್ ಹಾಕಿಲ್ಲ.

ಮೇಡಂ: ಸದ್ಯ, ಬಚಾವ್. ನಿಮ್ಮ ಕಂಪ್ಯೂಟರ್ ಅಮೆರಿಕದ ಕ್ರಮದಲ್ಲಿದೆ, ಮೊದಲು ತಿಂಗಳು, ಆಮೇಲೆ ದಿನ. 25-06-2024 ಬಂದಾಗ 25ನೇ ತಿಂಗಳು ಸಿಗಲಿಲ್ಲ, ಅದು ಬರೀ ಟೆಕ್ಸ್ಟ್ ಆಗಿ ಎಡಕ್ಕೇ ಉಳಿಯಿತು. ಎಕ್ಸೆಲ್‌ಗೆ ತಾರೀಖು ಅಂದರೆ ಒಂದು ಸಂಖ್ಯೆ. 1-4-2025 ಅಂದರೆ 45748. ಹೋಲಿಸುವಾಗ ಯಾವ ಟೆಕ್ಸ್ಟ್ ಆದರೂ ಸಂಖ್ಯೆಗಿಂತ ದೊಡ್ಡದು ಅಂತಲೇ ಲೆಕ್ಕ. ಹಾಗಾಗಿ ಹಳೇ ಬಿಲ್ಲೂ ಫಿಲ್ಟರ್ ದಾಟಿತು. ಸಮ್‌ಇಫ್ಸ್ ಇಂಥ ಷರತ್ತಿನಲ್ಲಿ ಟೆಕ್ಸ್ಟನ್ನು ಬಿಟ್ಟೇ ಬಿಡುತ್ತೆ.

ನನಗೆ ಜಾಸ್ತಿ ಭಯ ಬಲಕ್ಕಿರುವುದರದ್ದು, ಅಂದರೆ ಎಕ್ಸೆಲ್ ತಾರೀಖು ಅಂತ ಒಪ್ಪಿಕೊಂಡಿದ್ದರದ್ದು. 05-07-2025, ಅಂದರೆ ಜುಲೈ 5ರ ಬಿಲ್ಲು, ಈಗ ಮೇ 7 ಆಗಿ ಕೂತಿದೆ. ಎರರ್ ಇಲ್ಲ, ಏನೂ ಇಲ್ಲ. ಮಳೆಗಾಲದ ಜ್ವರದ ಮಾತ್ರೆ ಬೇಸಿಗೆ ಲೆಕ್ಕಕ್ಕೆ ಹೋಗುತ್ತೆ. ಜುಲೈನಲ್ಲಿ ಮಾಲು ಸಾಲದೇ ಬಂದರೆ ತೊಂದರೆ ರೋಗಿಗಳಿಗೆ.

ಈ ಶೀಟು ಬಿಡಿ. ಡೇಟಾ ಟ್ಯಾಬ್‌ನಲ್ಲಿ 'ಫ್ರಂ ಟೆಕ್ಸ್ಟ್/ಸಿಎಸ್‌ವಿ'ಯಿಂದ ಮೂಲ ಫೈಲನ್ನೇ ಮತ್ತೆ ತನ್ನಿ, ಟ್ರಾನ್ಸ್‌ಫಾರ್ಮ್ ಒತ್ತಿ. ತಾನಾಗಿ ಸೇರಿದ 'ಚೇಂಜ್ಡ್ ಟೈಪ್' ಹಂತ ಅಳಿಸಿ. ತಾರೀಖಿನ ಕಾಲಂಗೆ 'ಯೂಸಿಂಗ್ ಲೊಕೇಲ್' (ಲೊಕೇಲ್ ಅಂದರೆ ಯಾವ ದೇಶದ ಕ್ರಮ ಅನ್ನುವ ಸೆಟ್ಟಿಂಗ್) ಆರಿಸಿ, ಡೇಟ್, ಇಂಗ್ಲಿಷ್ ಇಂಡಿಯಾ ಕೊಡಿ. ಮೊತ್ತದ ಕಾಲಂಗೆ ನಂಬರ್ ಟೈಪ್ ಕೊಡೋದು ಮರೀಬೇಡಿ.

ಮೈಸೂರು, ಅಕೌಂಟೆಂಟ್: ಇಷ್ಟೆಲ್ಲ ಯಾಕೆ? ವಾಟ್ಸಾಪ್‌ನಲ್ಲಿ ಬಂದಿದೆ: "ಕಾಲಂ ಸೆಲೆಕ್ಟ್ ಮಾಡಿ ಫಾರ್ಮ್ಯಾಟ್‌ನಲ್ಲಿ ಡೇಟ್ ಕೊಡಿ, ಎಲ್ಲ ಸರಿಹೋಗುತ್ತೆ. ಎಲ್ಲರಿಗೂ ಕಳಿಸಿ."

ಮೇಡಂ: ದಯವಿಟ್ಟು ಯಾರಿಗೂ ಕಳಿಸಬೇಡಿ. ಫಾರ್ಮ್ಯಾಟ್ ಬದಲಿಸಿದರೆ ಟೆಕ್ಸ್ಟ್ ತಾರೀಖಾಗಲ್ಲ. ಅದಲುಬದಲಾದ ತಿಂಗಳಂತೂ ವಾಪಸ್ ಬರಲ್ಲ. ಮಾಡಿ ನೋಡದೆ ಫಾರ್ವರ್ಡ್ ಮಾಡೋದು ನಿಲ್ಲಿಸಿ.

ಶಿವಮೊಗ್ಗ, ಅಡಿಕೆ ವ್ಯಾಪಾರ: ಮೇಡಂ, ಬಜೆಟ್ ಶೀಟು ಮೊಬೈಲ್‌ನಲ್ಲಿ ತುಂಬಾ ನಿಧಾನ. ಏನು ಮಾಡಲಿ?

ದಾವಣಗೆರೆ, ಬಟ್ಟೆ ಅಂಗಡಿ: ಎಲ್ಲರೂ ಗೂಗಲ್ ಶೀಟ್ಸ್‌ಗೆ ಬನ್ನಿ. ಪುಕ್ಕಟೆ, ಫಿಲ್ಟರ್ ಫಂಕ್ಷನ್ನೂ ಇದೆ.

ಮೈಸೂರು: ಗಿರಾಕಿಗಳ ಲೆಕ್ಕ ಆನ್‌ಲೈನ್‌ನಲ್ಲಿ ಇಡ್ತೀರಾ? ಜವಾಬ್ದಾರಿ ಬೇಡವಾ?

ದಾವಣಗೆರೆ: ಫಾರ್ವರ್ಡ್ ಕಳಿಸುವವರಿಂದ ಜವಾಬ್ದಾರಿ ಕಲೀಬೇಕಾ?

ಮೈಸೂರು: ಮಾತು ಸರಿಯಾಗಿ ಆಡಿ. ನಿಮಗಿಂತ ಮೊದಲಿಂದ ಈ ಗ್ರೂಪಲ್ಲಿದ್ದೀನಿ.

ಮೇಡಂ: ಶೀಟ್ಸ್‌ನಲ್ಲೂ ಲೊಕೇಲ್ ತಪ್ಪಿದ್ದರೆ ಇದೇ ಗತಿ.

ಮಂಗಳೂರು, ಬೇಕರಿ: #ಸ್ಪಿಲ್! ಯಾಕೆ ಬರುತ್ತೆ?

ಮೇಡಂ: ಉತ್ತರ ಹರಡಲು ಜಾಗ ಇಲ್ಲ. ಕೆಳಗಿನ, ಪಕ್ಕದ ಸೆಲ್ ಖಾಲಿ ಮಾಡಿ. ಮರ್ಜ್ ಇದ್ದರೆ ಬಿಡಿಸಿ.

ಬೆಳಗಾವಿ, ಟ್ರಾನ್ಸ್‌ಪೋರ್ಟ್: ಮೇಡಂ, 2019ರಲ್ಲಿ ಫಿಲ್ಟರ್ ಫಂಕ್ಷನ್ ಬರುತ್ತಿಲ್ಲ.

ಮೇಡಂ: ಮೊದಲ ಉತ್ತರ ಓದಿ.

ದಾವಣಗೆರೆ: ಅಡ್ಮಿನ್, ಮೈಸೂರಿನವರಿಗೆ ಸ್ವಲ್ಪ ಹೇಳ್ತೀರಾ?

ಮೇಡಂ: ನಿಮ್ಮ ಜಗಳ ಬೇರೆ ಕಡೆ ಇಟ್ಕೊಳ್ಳಿ. ಹುಬ್ಬಳ್ಳಿಯವರೇ, ಫೈಲ್ ತಂದ ಮೇಲೆ 12ನೇ ತಾರೀಖಿನ ಒಳಗಿನ ಕೆಲವು ಬಿಲ್ಲು ತೆಗೆದು ಕಾಗದದ ಪ್ರತಿ ಜೊತೆ ತಾಳೆ ನೋಡಿ. ಆಮೇಲೆ ಆರ್ಡರ್ ಹಾಕಿ.